ಮೊದಲು ಯಾವುದು, ಆಮೇಲೆ ಯಾವುದು? ಟ್ಯಾಬ್ಲೆಟ್‌ನಲ್ಲಿ ಕ್ರಮದ ಪಾಠ

ಹಲ್ಲುಜ್ಜುವುದು ನಮಗೆ ಒಂದೇ ಕೆಲಸ. ಬೆಳವಣಿಗೆ ನಿಧಾನವಾಗಿರುವ ಮಗುವಿಗೆ ಅದು ಐದಾರು ಕೆಲಸ. ಬ್ರಷ್ ತೆಗೆಯಬೇಕು, ಪೇಸ್ಟ್ ಹಚ್ಚಬೇಕು, ಉಜ್ಜಬೇಕು, ಉಗುಳಬೇಕು, ಬಾಯಿ ಮುಕ್ಕಳಿಸಬೇಕು. ಯಾವುದಾದ ಮೇಲೆ ಯಾವುದು ಎಂದು ತಿಳಿದು ಮಾಡುವುದನ್ನು ಥೆರಪಿಸ್ಟರು ಸೀಕ್ವೆನ್ಸಿಂಗ್, ಅಂದರೆ ಕ್ರಮಜೋಡಣೆ ಎನ್ನುತ್ತಾರೆ. ಇದನ್ನು ಕಲಿಸುವ ಟ್ಯಾಬ್ಲೆಟ್ ಆ್ಯಪ್‌ಗಳಿವೆ.

ಆ್ಯಪ್ ತೆರೆದರೆ ಚಿತ್ರಗಳು ಹಿಂದುಮುಂದಾಗಿ ಕಾಣುತ್ತವೆ. ಮಗು ಬೆರಳಿನಿಂದ ಎಳೆದು ಅವನ್ನು ಸರಿಯಾದ ಜಾಗದಲ್ಲಿ ಇಡಬೇಕು. ಬಾಯಲ್ಲಿ ಹೇಳಿದ್ದು ಮರೆತುಹೋಗಬಹುದು, ಚಿತ್ರ ಕಣ್ಣೆದುರೇ ಇರುತ್ತದೆ.

ಒಂದು ತೊಡಕಿದೆ. ಹೆಚ್ಚಿನ ಆ್ಯಪ್‌ಗಳು ಹೊರದೇಶದವು. ಅವುಗಳಲ್ಲಿ ಬಾತ್‌ಟಬ್ ಇರುತ್ತದೆ, ನಿಮ್ಮ ಮಗುವಿಗೆ ಗೊತ್ತಿರುವುದು ಬಕೆಟ್ಟು, ಚೊಂಬು. ಹಾಗಾಗಿ ನಿಮ್ಮದೇ ಫೋಟೊ, ನಿಮ್ಮದೇ ದನಿ ಸೇರಿಸಲು ಬರುವ ಆ್ಯಪ್ ಆರಿಸಿ. ಸಿಗದಿದ್ದರೆ ಉಚಿತವಾದ ಗೂಗಲ್ ಸ್ಲೈಡ್ಸ್ ಸಾಕು. ಪುಟಕ್ಕೊಂದು ಫೋಟೊ ಹಾಕಿ. ನಿಮ್ಮ ಬಚ್ಚಲು, ನಿಮ್ಮ ನಲ್ಲಿ, ಮಗುವಿನದೇ ಬ್ರಷ್ಷು ಇರಲಿ.

ಎರಡೇ ಫೋಟೊದಿಂದ ಶುರುಮಾಡಿ. ಅದು ಸಲೀಸಾದ ಮೇಲೆ ಮೂರನೆಯದು. ಜೋಡಿಸಿ ಮುಗಿದ ಕೂಡಲೇ ಬಚ್ಚಲಿಗೆ ಕರೆದೊಯ್ದು ಅದೇ ಕೆಲಸವನ್ನು ಕೈಯಾರೆ ಮಾಡಿಸಿ. ಇದನ್ನು ಬಿಟ್ಟರೆ ಮಗು ಆಟ ಕಲಿಯುತ್ತದೆ, ಹಲ್ಲುಜ್ಜುವುದನ್ನಲ್ಲ. ಮೊದಮೊದಲು ಉಳಿದದ್ದಕ್ಕೆಲ್ಲ ನೀವು ಕೈಹಿಡಿದು, ಕೊನೆಯ ಹಂತವನ್ನು ಮಾತ್ರ ಮಗುವಿಗೇ ಬಿಡಿ. ಕೆಲಸ ಮುಗಿಸಿದ ಖುಷಿ ಅದರದ್ದಾಗುತ್ತದೆ. ಥೆರಪಿಸ್ಟರು ಇದನ್ನು ಬ್ಯಾಕ್‌ವರ್ಡ್ ಚೈನಿಂಗ್, ಅಂದರೆ ಕೊನೆಯಿಂದ ಮೊದಲಿಗೆ ಕಲಿಸುವುದು ಎನ್ನುತ್ತಾರೆ.

ಟ್ಯಾಬ್ಲೆಟ್ ಚಟವಾಗುವುದಿಲ್ಲವೇ ಎಂಬ ನಿಮ್ಮ ಅಳುಕು ನ್ಯಾಯವಾದದ್ದೇ. 2ರಿಂದ 4 ವರ್ಷದವರಿಗೆ ಪರದೆ ದಿನಕ್ಕೆ 1 ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಈ ಪಾಠಕ್ಕೆ ಹತ್ತು ನಿಮಿಷ ಸಾಕು, ಪಕ್ಕದಲ್ಲಿ ನೀವಿರಬೇಕು. ಮಗು ವಿಡಿಯೊಗೆ ಜಾರದಂತೆ ಐಪ್ಯಾಡ್‌ನಲ್ಲಿ ಗೈಡೆಡ್ ಆ್ಯಕ್ಸೆಸ್, ಆಂಡ್ರಾಯ್ಡ್‌ನಲ್ಲಿ ಆ್ಯಪ್ ಪಿನ್ನಿಂಗ್ ಎಂಬ ಸೆಟ್ಟಿಂಗ್ ಹಾಕಿ. ತೆರೆದ ಆ್ಯಪ್‌ನಲ್ಲೇ ಪರದೆ ನಿಲ್ಲುತ್ತದೆ.

ಖರ್ಚಿಗೆ ಹೆದರಬೇಡಿ. ಮನೆಯಲ್ಲಿರುವ ಹಳೆಯ ಟ್ಯಾಬ್ಲೆಟ್ ಆಗುತ್ತದೆ, ಇಲ್ಲದಿದ್ದರೆ ಫೋನ್. ದುಡ್ಡಿನ ಆ್ಯಪ್ ಕೊಳ್ಳುವ ಮುಂಚೆ ಉಚಿತ ಆವೃತ್ತಿಯನ್ನು ಮಗುವಿನ ಕೈಗೆ ಕೊಟ್ಟು ನೋಡಿ.

ಯಾವ ಹಂತದಿಂದ ಶುರುಮಾಡಬೇಕು ಎಂದು ಗೊತ್ತಾಗದಿದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ಡಿಇಐಸಿ, ಅಂದರೆ ಮಕ್ಕಳ ತೊಂದರೆಗಳನ್ನು ಬೇಗ ಗುರುತಿಸಿ ನೆರವಾಗುವ ಸರ್ಕಾರಿ ಕೇಂದ್ರ ಇದೆಯೇ ಎಂದು ವಿಚಾರಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಮಕ್ಕಳ ತಪಾಸಣೆ ನಡೆಯುತ್ತದೆ. ಹೋಗುವಾಗ ಮಗು ಮನೆಯಲ್ಲಿ ಹಲ್ಲುಜ್ಜುವುದನ್ನು ವಿಡಿಯೊ ಮಾಡಿಕೊಂಡು ಹೋಗಿ. ಎಲ್ಲಿ ತಡವರಿಸುತ್ತದೆ ಎಂಬುದು ಅದರಲ್ಲಿ ಅವರಿಗೆ ಕಾಣುತ್ತದೆ.