ತೆರೆಯ ಮೇಲಿನ ಕಪ್ಪು: ಲಿವರ್‌ನ ಹುಳು ಮತ್ತು ಕಾರಿನ ಡಿಕ್ಕಿ



ಊಟಕ್ಕೆ ಮುಂಚಿನ ಭಾಷಣ ನನ್ನದು, ವಿಷಯ ನೋಡಿದರೆ ಲಿವರ್‌ನಲ್ಲಿ ಬೆಳೆಯುವ ಹುಳು. ಸಂಘಟಕರ ಧೈರ್ಯವನ್ನು ಮೆಚ್ಚಲೇಬೇಕು. ಹುಳಕ್ಕೂ ಕಾರಿನ ಡಿಕ್ಕಿಗೂ ಏನು ಸಂಬಂಧ ಎಂದು ಬೆಳಿಗ್ಗೆ ಒಬ್ಬರು ಕೇಳಿದರು. ಸ್ಕ್ಯಾನಿಂಗ್ ಕೋಣೆಯಲ್ಲಿ ಕೂರುವ ನನಗೆ ಆ ಸಂಬಂಧ ಒಂದೇ ರಾತ್ರಿಯಲ್ಲಿ ಗೊತ್ತಾಯಿತು.

ಕೆಲವು ವರ್ಷಗಳ ಹಿಂದೆ ಕೊಲ್ಲಿಯ ಒಂದು ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯಲ್ಲಿದ್ದೆ. ಮರುಭೂಮಿ ರಸ್ತೆಯಲ್ಲಿ ಪಿಕಪ್ ಉರುಳಿ ಗಾಯಗೊಂಡ ಒಬ್ಬರನ್ನು ತಂದರು. ಕುರಿಫಾರ್ಮಿನ ಕೆಲಸಗಾರ, ಹಾವೇರಿ ಕಡೆಯವರು. ಮೈಮೇಲೆ ದೊಡ್ಡ ಗಾಯವಿಲ್ಲ, ಆದರೆ ರಕ್ತದೊತ್ತಡ ಇಳಿಯುತ್ತಿತ್ತು. ಹೊಟ್ಟೆಯ ಮೇಲೆ ಪ್ರೋಬ್ ಇಟ್ಟೆ. ಲಿವರ್ ಮತ್ತು ಬಲ ಮೂತ್ರಪಿಂಡದ ನಡುವೆ ಒಂದು ಕಪ್ಪು ಪಟ್ಟಿ ಕಂಡಿತು. ಅಪಘಾತ, ಬೀಳುತ್ತಿರುವ ಬಿಪಿ, ಹೊಟ್ಟೆಯಲ್ಲಿ ಕಪ್ಪು. ಮೂರನ್ನೂ ಕೂಡಿಸಿದರೆ ಉತ್ತರ ರಕ್ತಸ್ರಾವ ಎಂದೇ ಬರುತ್ತದೆ. ಅದು ಅರ್ಧ ಮಾತ್ರ ನಿಜವಾಗಿತ್ತು. ಉಳಿದರ್ಧಕ್ಕೆ ಆಮೇಲೆ ಬರುತ್ತೇನೆ.

ಮೊದಲು ಈ ಕಪ್ಪು ಎಂದರೇನು ಎಂದು ಹೇಳಬೇಕು. ಅಲ್ಟ್ರಾಸೌಂಡ್ ಅಂದರೆ ನಮ್ಮ ಕಿವಿಗೆ ಕೇಳಿಸದಷ್ಟು ಹೆಚ್ಚು ಕಂಪನದ ಶಬ್ದ. ಹೊಟ್ಟೆ ನೋಡಲು ಸಾಮಾನ್ಯವಾಗಿ ಸೆಕೆಂಡಿಗೆ 20 ಲಕ್ಷದಿಂದ 50 ಲಕ್ಷ ಕಂಪನಗಳ ಶಬ್ದ ಬಳಸುತ್ತೇವೆ. ಬಾವಿಗೆ ಬಗ್ಗಿ ಕೂಗಿದರೆ ಮಾರ್ದನಿ ಬರುತ್ತದಲ್ಲ, ಹಾಗೆ ಒಳಗಿನ ಅಂಗಗಳಿಂದ ಮರಳುವ ಮಾರ್ದನಿಯನ್ನು ಯಂತ್ರ ಚಿತ್ರವಾಗಿ ಬರೆಯುತ್ತದೆ. ಮೂಳೆ, ಕಲ್ಲು, ಸುಣ್ಣಗಟ್ಟಿದ ಜಾಗ ಶಬ್ದವನ್ನು ಜೋರಾಗಿ ಹಿಂದಕ್ಕೆ ಕಳಿಸುತ್ತವೆ, ಹಾಗಾಗಿ ಬೆಳ್ಳಗೆ ಕಾಣುತ್ತವೆ. ದ್ರವ ಏನನ್ನೂ ಹಿಂದಿರುಗಿಸುವುದಿಲ್ಲ, ಆದ್ದರಿಂದ ಕಪ್ಪು. ತೊಂದರೆ ಇರುವುದು ಇಲ್ಲೇ. ಆಗತಾನೆ ಸುರಿದ ರಕ್ತವೂ ಕಪ್ಪು, ಮೂತ್ರವೂ ಕಪ್ಪು, ಹುಳದ ಚೀಲದೊಳಗಿನ ನೀರೂ ಕಪ್ಪು. ಯಾವುದು ಯಾವುದೆಂದು ಯಂತ್ರ ಹೆಸರು ಹೇಳುವುದಿಲ್ಲ.

ಈಗ ಹುಳದ ವಿಷಯ. ನಾಯಿಯ ಕರುಳಿನಲ್ಲಿ ವಾಸಿಸುವ ಎಕಿನೊಕಾಕಸ್ ಎಂಬ ಲಾಡಿಹುಳು ಅಕ್ಕಿಕಾಳಿನಷ್ಟು ಉದ್ದವಿದ್ದರೆ ಹೆಚ್ಚು. ಅದರ ಮೊಟ್ಟೆ ನಾಯಿಯ ಮಲದ ಮೂಲಕ ಹುಲ್ಲಿಗೆ, ನೀರಿಗೆ, ನಾಯಿಯದೇ ಕೂದಲಿಗೆ ಸೇರುತ್ತದೆ. ಕುರಿ, ಮೇಕೆ, ದನ, ಒಂಟೆ ಅದನ್ನು ತಿನ್ನುತ್ತವೆ, ಅವುಗಳ ಲಿವರ್‌ನಲ್ಲಿ ನೀರುಚೀಲ ಬೆಳೆಯುತ್ತದೆ. ಕುರಿ ಕೊಯ್ದು ಕೆಟ್ಟ ಲಿವರನ್ನು ನಾಯಿಗೆ ಎಸೆದರೆ ಚಕ್ರ ಪೂರ್ತಿಯಾಯಿತು. ಮನುಷ್ಯ ಈ ಚಕ್ರದೊಳಗೆ ತಪ್ಪಿ ಬಂದವನು. ನಾಯಿ ಮುಟ್ಟಿದ ಕೈಯನ್ನು ತೊಳೆಯದೆ ರೊಟ್ಟಿ ಮುರಿದರೆ ಸಾಕು. ಕುರಿಮಾಂಸ ತಿಂದದ್ದರಿಂದ ಇದು ಬರುವುದಿಲ್ಲ. ಎಷ್ಟೋ ಜನ ಹಾಗೆಂದು ನಂಬಿದ್ದಾರೆ. ಮೊಟ್ಟೆಯೊಡೆದ ಮರಿ ಕರುಳನ್ನು ದಾಟಿ ರಕ್ತದ ಜೊತೆ ಲಿವರ್‌ಗೆ ಬಂದು ಅಲ್ಲೇ ಉಳಿಯುತ್ತದೆ. ಹೆಚ್ಚಿನ ಚೀಲಗಳು ಲಿವರ್‌ನಲ್ಲೇ ಇರುತ್ತವೆ, ಅದು ಬಿಟ್ಟರೆ ಶ್ವಾಸಕೋಶದಲ್ಲಿ. ವರ್ಷಗಟ್ಟಲೆ ನೋವಿಲ್ಲ, ಜ್ವರವಿಲ್ಲ. ಬಾಲ್ಯದಲ್ಲಿ ಹೊಕ್ಕ ಹುಳ ನಲವತ್ತನೇ ವಯಸ್ಸಿನಲ್ಲಿ ಬೇರಾವುದಕ್ಕೋ ಮಾಡಿದ ಸ್ಕ್ಯಾನಿಂಗಿನಲ್ಲಿ ಸಿಗುವುದುಂಟು. ಜಗತ್ತಿನಲ್ಲಿ ಯಾವುದೇ ಸಮಯದಲ್ಲಿ 10 ಲಕ್ಷಕ್ಕೂ ಹೆಚ್ಚು ಜನರಲ್ಲಿ ಈ ರೋಗ ಇರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

1981ರಲ್ಲಿ ಟ್ಯುನೀಶಿಯಾದ ವೈದ್ಯ ಹಸನ್ ಘರ್ಬಿ ಮತ್ತು ಸಂಗಡಿಗರು 121 ರೋಗಿಗಳ ಚಿತ್ರಗಳನ್ನು ನೋಡಿ, ಈ ಚೀಲಗಳನ್ನು ಐದು ಬಗೆಯಾಗಿ ವಿಂಗಡಿಸಿದರು. ಇವತ್ತು ಬಳಸುವ ವಿಶ್ವ ಆರೋಗ್ಯ ಸಂಸ್ಥೆಯ ವಿಂಗಡಣೆ ಅದರ ಮೇಲೇ ಕಟ್ಟಿದ್ದು. ಓದಿದರೆ ಅದು ಹುಳದ ಜೀವನಚರಿತ್ರೆಯ ಹಾಗಿದೆ. ಎಳೆಯ ಚೀಲ ದುಂಡಗೆ, ಶುದ್ಧ ಕಪ್ಪು, ಅಂಚಿನಲ್ಲಿ ಜೋಡಿ ಗೆರೆ. ರೋಗಿಯನ್ನು ಮಗ್ಗುಲಿಗೆ ಹೊರಳಿಸಿದರೆ ತಳದಲ್ಲಿ ಕೂತ ಮರಳಿನಂಥ ಕಣಗಳು ಎದ್ದು ಹಿಮದಂತೆ ಉದುರುತ್ತವೆ. ಆಮೇಲೆ ಒಳಗೆ ಮರಿಚೀಲಗಳು ಹುಟ್ಟಿ ಜೇನುಗೂಡಿನಂತೆ ಆಗುತ್ತದೆ. ಕೆಲವು ಸಲ ಒಳಪೊರೆ ಕಳಚಿ ನೀರಿನ ಮೇಲೆ ತಾವರೆ ಎಲೆಯಂತೆ ತೇಲುತ್ತದೆ. ಕೊನೆಗೆ ಒಳಗೆಲ್ಲ ಗಟ್ಟಿಯಾಗಿ ನೂಲಿನ ಉಂಡೆಯಂತಾಗಿ, ಸುಣ್ಣಗಟ್ಟಿ ಬೆಳ್ಳಗಾಗುತ್ತದೆ. ಈ ವಿಂಗಡಣೆಯೇ ಚಿಕಿತ್ಸೆಯನ್ನು ನಿರ್ಧರಿಸುವುದು. ಕೆಲವಕ್ಕೆ ಆಲ್ಬೆಂಡಜೋಲ್ ಮಾತ್ರೆ, ಕೆಲವಕ್ಕೆ ಮಾತ್ರೆಯ ಜೊತೆ ಸೂಜಿಯಿಂದ ನೀರು ತೆಗೆದು ಔಷಧಿ ತುಂಬಿ ಮತ್ತೆ ತೆಗೆಯುವ ವಿಧಾನ, ಕೆಲವಕ್ಕೆ ಶಸ್ತ್ರಚಿಕಿತ್ಸೆ. ಸುಣ್ಣಗಟ್ಟಿದ್ದನ್ನು ಮುಟ್ಟದೆ, ಆಗಾಗ ಸ್ಕ್ಯಾನ್ ಮಾಡಿ ನೋಡುತ್ತಿದ್ದರೆ ಸಾಕು. ಚಿತ್ರ ಓದಲು ಬಾರದವರು ಸೂಜಿ ಹಾಕಬಾರದು, ಅಷ್ಟೆ.

ರಕ್ತಪರೀಕ್ಷೆ ಸಾಲದೇ ಎಂದು ಕೇಳಬಹುದು. ಕೀನ್ಯಾದ ತುರ್ಕಾನಾ ಎಂಬಲ್ಲಿ ಅಲೆಮಾರಿ ಪಶುಪಾಲಕರಿದ್ದಾರೆ. ಜಗತ್ತಿನಲ್ಲೇ ಅತಿ ಹೆಚ್ಚು ಈ ರೋಗ ಕಂಡ ಜಾಗಗಳಲ್ಲಿ ಅದೂ ಒಂದು. 1980ರ ದಶಕದಲ್ಲಿ ಕೈಯಲ್ಲಿ ಹೊತ್ತೊಯ್ಯುವ ಅಲ್ಟ್ರಾಸೌಂಡ್ ಯಂತ್ರದೊಂದಿಗೆ ಸಂಶೋಧಕರು ಅಲ್ಲಿಗೆ ಹೋದರು. ಕಣ್ಣಿಗೆ ಕಾಣುವ ಚೀಲವಿದ್ದರೂ ರಕ್ತದಲ್ಲಿ ಸುಳಿವೇ ಇಲ್ಲದ ಜನ ಅಲ್ಲಿ ಸಿಕ್ಕರು. ಆಸ್ಪತ್ರೆಯಿಲ್ಲದ ಬಯಲಿನಲ್ಲಿ, ನೂರಾರು ಜನರನ್ನು ಸಾಲಾಗಿ ಮಲಗಿಸಿ ನೋಡಬಹುದು ಎಂದು ಆ ಕೆಲಸ ತೋರಿಸಿಕೊಟ್ಟಿತು.

ರಜೆಗೆ ಊರಿಗೆ ಹೋಗಿಬರುವ ನಮಗೆ ಇನ್ನೊಂದು ಪರೋಪಜೀವಿ ಹೆಚ್ಚು ಹತ್ತಿರದ್ದು. ಅಮೀಬಾ. ಕೊಳಕು ನೀರಿನಿಂದ ಕರುಳಿಗೆ ಬಂದು, ಅಲ್ಲಿಂದ ಲಿವರ್ ಸೇರಿ ಕೀವಿನ ಗಡ್ಡೆ ಮಾಡುತ್ತದೆ. ಗಂಡಸರಲ್ಲೇ ಹೆಚ್ಚು. ಊರಿನಿಂದ ಬಂದು ತಿಂಗಳುಗಳಾದ ಮೇಲೂ ಜ್ವರ, ಬಲ ಪಕ್ಕೆಯ ಕೆಳಗೆ ನೋವು, ಕೆಲವೊಮ್ಮೆ ಬಲ ಭುಜಕ್ಕೆ ಹರಿಯುವ ನೋವು ಬರಬಹುದು. ಭೇದಿ ಇರಲೇಬೇಕೆಂದಿಲ್ಲ, ಮಲಪರೀಕ್ಷೆಯಲ್ಲಿ ಸಿಗದೆಯೂ ಇರಬಹುದು. ಕ್ಯಾಂಪಿನಲ್ಲಿ ಪ್ಯಾರಾಸಿಟಮಾಲ್ ನುಂಗುತ್ತಾ ಎರಡು ವಾರ ತಳ್ಳಿದ ಹುಡುಗರನ್ನು ನಾನು ನೋಡಿದ್ದೇನೆ. ಅಲ್ಟ್ರಾಸೌಂಡ್ ಹತ್ತು ನಿಮಿಷದ ಕೆಲಸ, ಸಕಾಲದಲ್ಲಿ ಗೊತ್ತಾದರೆ ಹೆಚ್ಚಿನವರಿಗೆ ಮಾತ್ರೆಯಲ್ಲೇ ವಾಸಿ.

ಇನ್ನು ಡಿಕ್ಕಿ. ವಾಹನ ಅಪಘಾತದ ಗಾಯಗಳನ್ನು ವಿಜ್ಞಾನವಾಗಿ ನೋಡಲು ಶುರುಮಾಡಿದವರಲ್ಲಿ ಮೊದಲಿಗ ಹ್ಯೂ ಡಿಹ್ಯಾವನ್ ಎಂಬ ಅಮೆರಿಕನ್. 1917ರಲ್ಲಿ ವಿಮಾನ ತರಬೇತಿಯ ವೇಳೆ ಡಿಕ್ಕಿಯಾಗಿ ಕೆಳಗೆ ಬಿದ್ದು ಬದುಕುಳಿದರು. ಕಾಲುಗಳು ಮುರಿದವು, ಲಿವರ್, ಪಿತ್ತಕೋಶ, ಮೇದೋಜೀರಕ ಹರಿದವು. ಹೊಟ್ಟೆಯೊಳಗಿನ ಗಾಯಕ್ಕೆ ತನ್ನದೇ ಬೆಲ್ಟಿನ ಚೂಪು ಬಕಲ್ ಕಾರಣ ಎಂದು ಅವರಿಗೆ ಅನ್ನಿಸಿತು. ದೇವರ ದಯೆ ಎಂದು ಸುಮ್ಮನಾಗಬಹುದಿತ್ತು. ಅವರು ಅಡುಗೆಮನೆಯಲ್ಲಿ ಫೋಮಿನ ಮೇಲೆ ಮೊಟ್ಟೆಗಳನ್ನು ಬೀಳಿಸಿ ನೋಡಿದರು. 50ರಿಂದ 150 ಅಡಿ ಎತ್ತರದಿಂದ ಬಿದ್ದೂ ಬದುಕಿದವರ ಬಗ್ಗೆ 1942ರಲ್ಲಿ ಲೇಖನ ಬರೆದರು. ಆಮೇಲೆ ಕಾರ್ನೆಲ್‌ನ ವೈದ್ಯಕೀಯ ಕಾಲೇಜಿನಲ್ಲಿ ಡಿಕ್ಕಿಯ ಗಾಯಗಳ ಸಂಶೋಧನೆ ಕಟ್ಟಿದರು. ಅವರು ಕಂಡುಕೊಂಡದ್ದು ಸರಳ: ದೇಹವನ್ನು ಕೆಡಿಸುವುದು ವೇಗವಲ್ಲ, ನಿಲ್ಲುವ ರೀತಿ.

ಒಂದು ಲೆಕ್ಕ ಹಾಕೋಣ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿರುವ ನಿಮ್ಮ ದೇಹ ಅರ್ಧ ಮೀಟರಿನೊಳಗೆ ನಿಂತಿತು ಎನ್ನಿ. ಆ ಕ್ಷಣದಲ್ಲಿ ಒಂದೂವರೆ ಕಿಲೋ ತೂಗುವ ಲಿವರ್ 30 ಕಿಲೋ ಅಕ್ಕಿಮೂಟೆಯಷ್ಟು ಭಾರವಾಗಿ ಮುಂದಕ್ಕೆ ಎಳೆಯುತ್ತದೆ. ವೇಗ 100 ಆದರೆ ಎರಡು ಪಟ್ಟಲ್ಲ, ನಾಲ್ಕು ಪಟ್ಟು: ಸುಮಾರು 120 ಕಿಲೋ. ಲಿವರನ್ನು ಹಿಡಿದಿರುವುದು ಕೆಲವು ಪೊರೆಗಳು ಮತ್ತು ದೊಡ್ಡ ರಕ್ತನಾಳ. ಹರಿಯುವುದು ಆ ಹಿಡಿತದ ಜಾಗದಲ್ಲೇ. ನಿಮಿಷಕ್ಕೆ ಒಂದೂವರೆ ಲೀಟರಿನಷ್ಟು ರಕ್ತ ಹಾದುಹೋಗುವ ಅಂಗ ಅದು.

1959ರಲ್ಲಿ ವೋಲ್ವೋದ ನಿಲ್ಸ್ ಬೋಲಿನ್ ಕೊಟ್ಟ ಮೂರು ಬಿಂದುವಿನ ಬೆಲ್ಟ್ ಈ ಭಾರವನ್ನು ಗಟ್ಟಿ ಮೂಳೆಗಳ ಮೇಲೆ ಹಾಕುತ್ತದೆ, ಅಂದರೆ ಸೊಂಟದ ಮೂಳೆ, ಎದೆಗೂಡು, ಹೆಗಲಿನ ಮೂಳೆ. ಸೊಂಟಕ್ಕಷ್ಟೇ ಇದ್ದ ಹಳೆಯ ಬೆಲ್ಟ್ ಮೇಲೆ ಸರಿದು ಹೊಟ್ಟೆಯನ್ನು ಹಿಸುಕುವುದನ್ನು ಕಾರ್ನೆಲ್ ಸಂಶೋಧಕರೇ 1962ರಲ್ಲಿ ವರದಿ ಮಾಡಿದ್ದರು. ಹಾಗಾಗಿ ಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ತಗ್ಗಿ ಕೂರಬೇಕು. ಹೆಗಲ ಪಟ್ಟಿಯನ್ನು ಕಂಕುಳ ಕೆಳಗೆ ಹಾಕಬಾರದು. ಬೀಪ್ ಸದ್ದು ನಿಲ್ಲಿಸಲು ಬೆಲ್ಟನ್ನು ಬೆನ್ನ ಹಿಂದೆ ಸಿಕ್ಕಿಸುವ ಜಾಣರು ಈ ಸಭೆಯಲ್ಲೂ ಇದ್ದೀರಿ, ಪಾರ್ಕಿಂಗಿನಲ್ಲಿ ನೋಡಿದ್ದೇನೆ. ಹಿಂದಿನ ಸೀಟಿನವರಿಗೂ ಇದು ಅನ್ವಯ. ಯುಎಇಯಲ್ಲಿ 2017ರ ಜುಲೈಯಿಂದ ಅದು ಕಾನೂನೇ ಆಗಿದೆ. ಡಿಕ್ಕಿಯ ನಂತರ ಹೊಟ್ಟೆಗೆ ಅಡ್ಡಲಾಗಿ ಬೆಲ್ಟಿನ ನೀಲಿ ಗುರುತು ಕಂಡರೆ ನೋವಿಲ್ಲವೆಂದು ಮನೆಗೆ ಹೋಗಬೇಡಿ.

ಅಪಘಾತದವರು ಬಂದಾಗ ನಾವು ಮಾಡುವ ಪರೀಕ್ಷೆಗೆ ಫಾಸ್ಟ್ ಎಂದು ಹೆಸರು. ನಾಲ್ಕು ಜಾಗ ನೋಡುತ್ತೇವೆ: ಲಿವರ್ ಪಕ್ಕ, ಗುಲ್ಮದ ಪಕ್ಕ, ಕಿಬ್ಬೊಟ್ಟೆ, ಹೃದಯದ ಸುತ್ತ. ಕೆಲವೇ ನಿಮಿಷ. ಆದರೆ ಕೆಲವು ನೂರು ಮಿಲಿಲೀಟರ್ ದ್ರವ ಸೇರಿದ ಮೇಲಷ್ಟೇ ಕಪ್ಪು ಕಾಣುತ್ತದೆ. ಮೊದಲ ಸ್ಕ್ಯಾನ್ ಚೆನ್ನಾಗಿದೆ ಎಂದರೆ ಗಾಯವಿಲ್ಲ ಎಂದಲ್ಲ. ಅದಕ್ಕೇ ವೈದ್ಯರು ಇರಿ ಎಂದರೆ ಇರಬೇಕು, ಡ್ಯೂಟಿ ಇದೆ ಎಂದು ಎದ್ದು ಹೋಗಬಾರದು.

ಆ ರಾತ್ರಿಗೆ ಮರಳುತ್ತೇನೆ. ಕಪ್ಪು ಪಟ್ಟಿ ಕಂಡ ಮೇಲೆ ಪ್ರೋಬನ್ನು ಸ್ವಲ್ಪ ಮೇಲೆ ಸರಿಸಿದೆ. ಲಿವರ್‌ನೊಳಗೆ ಸೊಟ್ಟಗಾದ ಒಂದು ಚೀಲ, ಅದರಲ್ಲಿ ತೇಲುವ ಪೊರೆ. ಅಷ್ಟರಲ್ಲಿ ನರ್ಸ್ ಅವರ ಎದೆಯ ಮೇಲೆ ಎದ್ದ ಕೆಂಪು ದದ್ದುಗಳನ್ನು ತೋರಿಸಿದರು. ರಕ್ತಸ್ರಾವದಿಂದ ಮೈಗೆ ದದ್ದು ಬರುವುದಿಲ್ಲ. ಕನ್ನಡದಲ್ಲಿ ಕೇಳಿದೆ, "ಊರಲ್ಲಿ ಕುರಿ ಕಾಯ್ತಿದ್ರಾ?"

"ಹೂಂ ರೀ, ಸಣ್ಣಾಂವ ಇದ್ದಾಗಿಂದ."

"ನಾಯಿ ಇತ್ತಾ?"

"ಕುರಿ ಇದ್ದಲ್ಲಿ ನಾಯಿ ಇರೂದಿಲ್ಲೇನ್ರಿ?"

ಪಿಕಪ್ಪಿನ ಹೊಡೆತಕ್ಕೆ ಹುಳದ ಚೀಲ ಒಡೆದಿತ್ತು. ಅದರ ನೀರು ಹೊಟ್ಟೆಗೆ ಚೆಲ್ಲಿದರೆ ಜೀವಕ್ಕೇ ಕುತ್ತು ತರುವಂಥ ಅಲರ್ಜಿ ಆಗಬಹುದು. ರಕ್ತ ಕೊಟ್ಟರಷ್ಟೇ ಸಾಲದು, ತಕ್ಷಣ ಅಡ್ರಿನಲಿನ್ ಬೇಕು. ಕೊಟ್ಟರು, ಬಿಪಿ ಏರಿತು. ಸಿಟಿ ಸ್ಕ್ಯಾನಿನಲ್ಲಿ ಲಿವರ್‌ನ ಸಣ್ಣ ಸೀಳೂ ಕಂಡಿತು, ಸ್ವಲ್ಪ ರಕ್ತವೂ ಇತ್ತು. ಶಸ್ತ್ರಚಿಕಿತ್ಸಕರು ಹೊಟ್ಟೆ ತೆರೆದು ಗಾಢ ಉಪ್ಪುನೀರಿನಿಂದ ಹುಳದ ಮರಿಗಳನ್ನು ಕೊಂದು ತೊಳೆದರು. ಚೆಲ್ಲಿದ ಒಂದೊಂದು ಮರಿಯೂ ಹೊಸ ಚೀಲವಾಗಬಲ್ಲದು, ಅದಕ್ಕಾಗಿ ತಿಂಗಳುಗಟ್ಟಲೆ ಆಲ್ಬೆಂಡಜೋಲ್ ಮತ್ತು ಆಗಾಗ ಸ್ಕ್ಯಾನಿಂಗ್. ನಮ್ಮ ಕೇಸ್ ಶೀಟಿನಲ್ಲಿ ಅವರ ಕೆಲಸದ ಜಾಗದಲ್ಲಿ "ಲೇಬರ್" ಎಂದಷ್ಟೇ ಇತ್ತು. ಕುರಿ, ನಾಯಿ ಯಾವ ಕಾಗದದಲ್ಲೂ ಇರಲಿಲ್ಲ. ಇಲ್ಲಿ ಆಸ್ಪತ್ರೆಗೆ ಹೋದಾಗ ಊರಲ್ಲಿ ಏನು ಕೆಲಸ ಮಾಡುತ್ತಿದ್ದಿರಿ, ಮನೆಯಲ್ಲಿ ಯಾವ ಪ್ರಾಣಿಗಳಿದ್ದವು, ಕೊನೆಯ ಸಲ ಯಾವಾಗ ಊರಿಗೆ ಹೋಗಿದ್ದಿರಿ, ಇವನ್ನು ಯಾರೂ ಕೇಳದಿದ್ದರೂ ನೀವೇ ಹೇಳಿ.

ಎರಡು ತಿಂಗಳ ನಂತರ ಅವರು ಫಾರ್ಮಿನಿಂದ ಫೋನ್ ಮಾಡಿದರು. "ಸಾಹೇಬ್ರ, ಇಲ್ಲೀ ನಾಯಿಗೂ ಗುಳಿಗಿ ಕೊಡಬೇಕೇನ್ರಿ?" ಕೊಡಬೇಕು, ಪ್ರಾಜಿಕ್ವಾಂಟಲ್ ಅಂತ, ಪಶುವೈದ್ಯರನ್ನು ಕೇಳಿ, ಮತ್ತೆ ಕುರಿ ಕೊಯ್ದಾಗ ಲಿವರನ್ನು ಅದಕ್ಕೆ ಹಸಿಯಾಗಿ ಎಸೆಯಬೇಡಿ ಎಂದೆ. "ಅದನ್ನ ನಮ್ಮ ಅರಬಾಬಗ ನೀವಽ ಹೇಳ್ರಿ" ಎಂದು ಫೋನನ್ನು ಮಾಲೀಕರ ಕೈಗೆ ಕೊಟ್ಟರು.