ಆರೋಗ್ಯ ವಿಮೆ: ಬೆಲೆಪಟ್ಟಿಯಲ್ಲಿ ಕಾಣದ ಮೊತ್ತ

ಎರಡು ಆರೋಗ್ಯ ವಿಮಾ ಯೋಜನೆಗಳಿವೆ ಎಂದುಕೊಳ್ಳಿ. ವೈದ್ಯರು, ಆಸ್ಪತ್ರೆಗಳು, ಸಿಗುವ ಚಿಕಿತ್ಸೆ ಎಲ್ಲವೂ ಎರಡರಲ್ಲೂ ಒಂದೇ. ಮೊದಲನೆಯದರಲ್ಲಿ ವರ್ಷದ ಮೊದಲ 1,000 ಡಾಲರ್ ಖರ್ಚು ನಿಮ್ಮದು, ಅಲ್ಲಿಂದಾಚೆಗೆ ಕಂಪನಿಯದು. ಎರಡನೆಯದರಲ್ಲಿ ನಿಮ್ಮ ಪಾಲು 500 ಡಾಲರ್ ಮಾತ್ರ, ಆದರೆ ಪ್ರೀಮಿಯಂ ವರ್ಷಕ್ಕೆ 600 ಡಾಲರ್ ಹೆಚ್ಚು. ಕಾಯಿಲೆಯೇ ಬರದಿದ್ದರೆ ಎರಡನೆಯದರಿಂದ 600 ಡಾಲರ್ ನಷ್ಟ. ವರ್ಷವಿಡೀ ಆಸ್ಪತ್ರೆಯಲ್ಲೇ ಮಲಗಿದ್ದರೂ 500 ಉಳಿಸಲು 600 ಕೊಟ್ಟಂತಾಯಿತು. ಹೇಗೆ ಲೆಕ್ಕ ಹಾಕಿದರೂ ಗೆಲ್ಲದ ಯೋಜನೆ ಅದು.

ಇಂಥದ್ದನ್ನು ಯಾರು ಕೊಳ್ಳುತ್ತಾರೆ? ಅಮೆರಿಕದ ಒಂದು ದೊಡ್ಡ ಕಂಪನಿಯ ನೌಕರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕೊಂಡಿದ್ದರು. ಸೌರಭ್ ಭಾರ್ಗವ, ಜಾರ್ಜ್ ಲೋವೆನ್‌ಸ್ಟೀನ್ ಮತ್ತು ಜಸ್ಟಿನ್ ಸಿಡ್ನರ್ 2017ರಲ್ಲಿ ಪ್ರಕಟಿಸಿದ ಅಧ್ಯಯನ ಇದು. ನೌಕರರ ಮುಂದೆ 48 ಬಗೆಯ ಆಯ್ಕೆಗಳಿದ್ದವು. ತಪ್ಪು ಆಯ್ಕೆಯಿಂದ ಅನಾವಶ್ಯಕವಾಗಿ ಹೋದ ಹಣ ಅವರು ಕಟ್ಟುತ್ತಿದ್ದ ಪ್ರೀಮಿಯಂನ ಶೇ. 24ರಷ್ಟು. ಹಾಗೆ ತಪ್ಪಾಗಿ ಆರಿಸುವ ಸಾಧ್ಯತೆ ಕಡಿಮೆ ಸಂಬಳದವರಲ್ಲೇ ಹೆಚ್ಚಿತ್ತು ಎಂಬುದು ಓದುವಾಗ ನನಗೆ ತೀರಾ ಚುಚ್ಚಿದ ಸಂಗತಿ.

ಇವರನ್ನು ದಡ್ಡರು ಎನ್ನುವಂತಿಲ್ಲ. ಡಿಡಕ್ಟಿಬಲ್, ಕೋ-ಪೇ, ಕೋ-ಇನ್ಶೂರೆನ್ಸ್, ಸ್ವಂತ ಖರ್ಚಿನ ಗರಿಷ್ಠ ಮಿತಿ ಎಂಬ ನಾಲ್ಕು ಪದಗಳ ಅರ್ಥವನ್ನು 2013ರ ಇನ್ನೊಂದು ಅಧ್ಯಯನದಲ್ಲಿ ವಿಮೆ ಇದ್ದ ಅಮೆರಿಕನ್ನರಿಗೇ ಕೇಳಿದ್ದರು. ಉತ್ತರ ಆರಿಸುವ ಮಾದರಿಯ ಪ್ರಶ್ನೆಗಳು. ನಾಲ್ಕಕ್ಕೂ ಸರಿಯುತ್ತರ ಕೊಟ್ಟವರು ಶೇ. 14 ಮಂದಿ.

ಅದೇ ವರ್ಷ ಅಕ್ಟೋಬರ್ 1ರಂದು ಅಮೆರಿಕ ಸರ್ಕಾರ ಹೆಲ್ತ್‌ಕೇರ್ ಡಾಟ್ ಗವ್ ಎಂಬ ವಿಮಾ ಮಾರುಕಟ್ಟೆಯನ್ನು ಅಂತರ್ಜಾಲದಲ್ಲಿ ತೆರೆಯಿತು. ಮೊದಲ ದಿನವೇ ತಾಣ ಕುಸಿದುಬಿದ್ದದ್ದು ಲೋಕಕ್ಕೆಲ್ಲ ಸುದ್ದಿಯಾಯಿತು. ಸರ್ವರುಗಳನ್ನು ಎಂಜಿನಿಯರುಗಳು ಕೆಲವೇ ತಿಂಗಳಲ್ಲಿ ಸರಿಪಡಿಸಿದರು. ಸದ್ದಿಲ್ಲದ ಇನ್ನೊಂದು ಸಮಸ್ಯೆ ಇತ್ತು: ತಾಣ ಚೆನ್ನಾಗಿ ಓಡಿದರೂ ಅದರಲ್ಲಿ ಜನ ಸರಿಯಾಗಿ ಆರಿಸಬಲ್ಲರೇ? ಕೊಲಂಬಿಯಾ ವಿಶ್ವವಿದ್ಯಾಲಯದ ಎರಿಕ್ ಜಾನ್ಸನ್ ಮತ್ತು ಸಂಗಡಿಗರು ಇದೇ ಮಾದರಿಯ ಪುಟಗಳನ್ನು ಕಟ್ಟಿ ಪ್ರಯೋಗ ಮಾಡಿ ನೋಡಿದರು. ಕಣ್ಣುಮುಚ್ಚಿ ಚೀಟಿ ಎತ್ತಿದ್ದಕ್ಕೂ ಜನರ ಆಯ್ಕೆಗೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಸರಿಯಾಗಿ ಆರಿಸಿದರೆ ಹಣ ಕೊಡುತ್ತೇವೆ ಎಂದರೂ ಫಲಿತಾಂಶ ಸುಧಾರಿಸಲಿಲ್ಲ. ತಾವು ತಪ್ಪುತ್ತಿದ್ದೇವೆ ಎಂಬ ಅರಿವೂ ಅವರಿಗಿರಲಿಲ್ಲ. ಪುಟದಲ್ಲೊಂದು ಲೆಕ್ಕ ಹಾಕುವ ಸಾಧನ ಇಟ್ಟು, ಆ ಕುಟುಂಬಕ್ಕೆ ಹೊಂದುವ ಯೋಜನೆಯನ್ನು ಮೊದಲೇ ಗುರುತು ಹಾಕಿ ತೋರಿಸಿದಾಗ ಮಾತ್ರ ಆಯ್ಕೆಗಳು ಗಣನೀಯವಾಗಿ ಸರಿಹೋದವು.

ಈ ಪ್ರಯೋಗದಲ್ಲಿ ಜನ ಕೈಯಿಂದ ಕೊಡಬೇಕಾದ ಖರ್ಚಿಗೆ ಹೆದರಿ ಪ್ರೀಮಿಯಂ ಕಡೆ ಸಾಕಷ್ಟು ನೋಡಲಿಲ್ಲ. ಜೇಸನ್ ಅಬಾಲಕ್ ಮತ್ತು ಜೊನಾಥನ್ ಗ್ರೂಬರ್ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಿರಿಯ ನಾಗರಿಕರು ಔಷಧ ವಿಮೆ ಕೊಳ್ಳುವಾಗ ಮಾಡಿದ್ದು ನೇರ ತಿರುವುಮುರುವು: ಪ್ರೀಮಿಯಂ ಕಡಿಮೆ ಇದ್ದದ್ದನ್ನೇ ಹಿಡಿದು ಔಷಧದಂಗಡಿಯಲ್ಲಿ ಹೆಚ್ಚು ತೆತ್ತರು. ತಪ್ಪುಗಳು ಬೇರೆ ಬೇರೆ ಕಂಡರೂ ಬೇರು ಒಂದೇ. ಇಂದೇ ಖಚಿತವಾಗಿ ಕಟ್ಟುವ ಹಣ ಒಂದು, ಮುಂದೆಂದೋ ಬಂದರೂ ಬರಬಹುದಾದ ಖರ್ಚು ಇನ್ನೊಂದು. ಇವೆರಡನ್ನು ಮನಸ್ಸಿನಲ್ಲೇ ಕೂಡಿಸುವುದು ನಮಗೆ ಒಗ್ಗಿದ ಕೆಲಸವಲ್ಲ. ಒಳ್ಳೆಯ ಸಾಧನದ ಕೆಲಸವೇ ಆ ಕೂಡಿಕೆ.

ಅದು ಹೇಗೆ ಕೂಡಿಸುತ್ತದೆ? ನಿಮ್ಮ ವಯಸ್ಸು, ನುಂಗುವ ಮಾತ್ರೆ, ವೈದ್ಯರ ಬಳಿಗೆ ಎಷ್ಟು ಸಲ ಹೋಗುತ್ತೀರಿ ಎಂಬುದನ್ನೆಲ್ಲ ಕೇಳಿಕೊಳ್ಳುತ್ತದೆ. ನಿಮ್ಮಂಥವರಿಗೆ ವರ್ಷಕ್ಕೆ ಎಷ್ಟು ಖರ್ಚು ಬರಬಹುದೆಂದು ಅಂದಾಜಿಸಿ, ಆ ಖರ್ಚನ್ನು ಪ್ರತಿ ಯೋಜನೆಯ ನಿಯಮಗಳ ಮೂಲಕ ಹಾಯಿಸಿ ನಿಮ್ಮ ಪಾಲಿಗೆ ಉಳಿಯುವುದನ್ನು ಪ್ರೀಮಿಯಂ ಜೊತೆ ಸೇರಿಸುತ್ತದೆ. ಹೆಲ್ತ್‌ಕೇರ್ ಡಾಟ್ ಗವ್ ಈಗ ಕಡಿಮೆ, ಮಧ್ಯಮ, ಹೆಚ್ಚು ಎಂಬ ಮೂರು ಬಳಕೆಯ ಮಟ್ಟಗಳಿಗೆ ಇಂಥ ಒಟ್ಟು ಮೊತ್ತ ತೋರಿಸುತ್ತದೆ. ಅಲ್ಲಿ ಕಂಚು, ಬೆಳ್ಳಿ, ಚಿನ್ನ ಎಂಬ ದರ್ಜೆಗಳಿವೆ. ಸರಾಸರಿ ವೆಚ್ಚದಲ್ಲಿ ಕಂಚು ಶೇ. 60, ಬೆಳ್ಳಿ ಶೇ. 70 ಭರಿಸುತ್ತದೆ. ತೀರಾ ಕಡಿಮೆ ಆದಾಯದವರು ಬೆಳ್ಳಿ ಆರಿಸಿದರೆ ಸಿಗುವ ವಿಶೇಷ ರಿಯಾಯಿತಿಯಿಂದ ಅದು ಶೇ. 94ರವರೆಗೂ ಏರುತ್ತದೆ, ಕಂಚಿಗೆ ಆ ರಿಯಾಯಿತಿ ಇಲ್ಲ. ಬೆಲೆಯ ಕ್ರಮದಲ್ಲಿ ಜೋಡಿಸಿದ ಪುಟ ಬಡವರ ಕಣ್ಣಿಗೆ ಮೊದಲು ಕಂಚನ್ನೇ ತಂದು ನಿಲ್ಲಿಸುತ್ತದೆ.

ಸಾಧನ ಇದ್ದರೂ ಸಾಲದು, ಅದು ನಮ್ಮ ಕೈವರೆಗೂ ಬರಬೇಕು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಸಂಶೋಧಕರು ಒಂದು ಗುಂಪಿನ ಹಿರಿಯ ನಾಗರಿಕರಿಗೆ, ಅವರವರ ಔಷಧಕ್ಕೆ ಯಾವ ಯೋಜನೆಯಲ್ಲಿ ಎಷ್ಟಾಗುತ್ತದೆಂದು ಬರೆದ ಪತ್ರ ಕಳಿಸಿದರು. ಅದೇ ಮಾಹಿತಿ ಉಚಿತವಾಗಿ ಸಿಗುವ ಸರ್ಕಾರಿ ತಾಣದ ವಿಳಾಸವನ್ನಷ್ಟೇ ಇನ್ನೊಂದು ಗುಂಪಿಗೆ ಕೊಟ್ಟರು. ಪತ್ರದಲ್ಲೇ ಲೆಕ್ಕ ಪಡೆದವರಲ್ಲಿ ಶೇ. 28 ಮಂದಿ ಯೋಜನೆ ಬದಲಿಸಿದರು, ವಿಳಾಸ ಪಡೆದವರಲ್ಲಿ ಶೇ. 17.

ನಮ್ಮಲ್ಲಿ ವಿಮೆ ಹೋಲಿಸುವ ತಾಣಗಳ ಪಾಡೇನು? ಕಳೆದ ತಿಂಗಳು ಚಿಕ್ಕಮ್ಮನ ಮಗ ದಾವಣಗೆರೆಯಿಂದ ಫೋನ್ ಮಾಡಿದ್ದ. ಅಮ್ಮನ ಮಂಡಿ ಆಪರೇಷನ್ನಿಗೆ ಕೈಯಿಂದ ಹಣ ಕಟ್ಟಿದವನು ಅವನು, ಈಗ ವಿಮೆ ಮಾಡಿಸಲು ಹೊರಟಿದ್ದ. "ಅಣ್ಣಾ, ಕಡಿಮೆ ರೇಟಿಂದ ಸಾಲಾಗಿ ತೋರಿಸ್ತಿದೆ, ಮೊದಲನೇದನ್ನೇ ತಗೊಳ್ಳಲಾ?" ಎಂದ. ಆ ಹಳೆಯ ಬಿಲ್ ತೆಗೆ ಎಂದೆ. ನಾಲ್ಕು ದಿನ, ದಿನಕ್ಕೆ 8,000 ರೂಪಾಯಿಯ ರೂಮ್. ಸರ್ಜನ್, ಥಿಯೇಟರ್, ನರ್ಸಿಂಗ್ ಸೇರಿ ಒಂದೂವರೆ ಲಕ್ಷ. ಇಂಪ್ಲಾಂಟ್, ಔಷಧಿ, ಪರೀಕ್ಷೆಗಳಿಗೆ 1,20,000. ಮೊದಲನೇ ಪಾಲಿಸಿಯ ವಿಮಾ ಮೊತ್ತ 5 ಲಕ್ಷ, ರೂಮ್ ಬಾಡಿಗೆ ಮಿತಿ ಅದರ ಶೇ. 1, ಅಂದರೆ ದಿನಕ್ಕೆ 5,000.

ಮಿತಿ ಮೀರಿದ್ದು ದಿನಕ್ಕೆ 3,000, ಹಾಗಾಗಿ ನಾಲ್ಕು ದಿನಕ್ಕೆ 12,000 ತಾನೇ ಎಂದ. ಅಲ್ಲ. ಇಂಥ ಪಾಲಿಸಿಗಳಲ್ಲಿ ರೂಮ್ ಬಾಡಿಗೆ ಎಷ್ಟು ಪಾಲು ಕಡಿತವಾಗುತ್ತದೋ, ಸರ್ಜನ್ ಮತ್ತು ಥಿಯೇಟರ್ ಶುಲ್ಕವೂ ಅಷ್ಟೇ ಪಾಲು ಕಡಿತವಾಗುವ ಷರತ್ತು ಇರುತ್ತದೆ. ಎಂಟಕ್ಕೆ ಐದರಂತೆ ಒಂದೂವರೆ ಲಕ್ಷದಲ್ಲಿ ಸಿಗುವುದು 93,750. ಇಂಪ್ಲಾಂಟ್, ಔಷಧಿ, ಪರೀಕ್ಷೆಗಳಿಗೆ ಈ ಕಡಿತ ತಗಲುವುದಿಲ್ಲ. ಒಟ್ಟು 3,02,000ದ ಬಿಲ್ಲಿನಲ್ಲಿ 68,250 ರೂಪಾಯಿ ಮನೆಯವರ ತಲೆಯ ಮೇಲೆ. ಕೆಲವು ಪಾಲಿಸಿಗಳಲ್ಲಿ ಇದರ ಮೇಲೆ ಕೋ-ಪೇ, ಅಂದರೆ ಬಿಲ್ಲಿನಲ್ಲಿ ನಾವೇ ಕೊಡಬೇಕಾದ ನಿಗದಿತ ಪಾಲು, ಬೇರೆ ಇರುತ್ತದೆ.

"ಇದನ್ನ ಆ ಪುಟದಲ್ಲೇ ಯಾಕೆ ತೋರಿಸಲ್ಲ?" ಎಂದು ಕೇಳಿದ. ತೋರಿಸಲು ಕಷ್ಟವೇನಿಲ್ಲ. ರೂಮಿನ ದರ, ದಿನಗಳು, ಶುಲ್ಕದ ಎರಡು ಭಾಗ, ನಾಲ್ಕು ಸಂಖ್ಯೆ ಕೇಳಿದರೆ ಸಾಕು. ಹೋಲಿಸಿ ಮಾರುವ ತಾಣಗಳ ಆದಾಯ ವಿಮಾ ಕಂಪನಿಗಳಿಂದಲೇ ಬರುವುದರಿಂದ ಅವುಗಳ ಮೇಲೆ ಇದನ್ನು ತೋರಿಸುವ ಒತ್ತಡವಿಲ್ಲ ಎಂಬುದು ನನ್ನ ಅನಿಸಿಕೆ. ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ನಿಯಮಗಳನ್ನು ಹೊರಡಿಸಿದ 'ಬಿಮಾ ಸುಗಮ್' ಎಂಬ ವಿದ್ಯುನ್ಮಾನ ಮಾರುಕಟ್ಟೆಯಲ್ಲಾದರೂ ಹಳೆಯ ಬಿಲ್ ಹಾಕಿ ನೋಡುವ ಒಂದು ಕಿಟಕಿ ಇರಲಿ ಎಂದು ನಾನು ಆಶಿಸುತ್ತೇನೆ.

ಈಗ ಸಿಗುವುದು ಪಾಲಿಸಿಯ ಜೊತೆಗಿರಬೇಕಾದ ಗ್ರಾಹಕ ಮಾಹಿತಿ ಪತ್ರ. ರೂಮ್ ಬಾಡಿಗೆ ಮಿತಿ, ಕೋ-ಪೇ, ಹಳೆಯ ಕಾಯಿಲೆಗಳಿಗೆ ಕಾಯಬೇಕಾದ ಅವಧಿ ಅದರಲ್ಲಿರುತ್ತವೆ. ಅವನು ಆ ಪತ್ರವನ್ನೂ ಚಿಕ್ಕಮ್ಮನ ಬಿಲ್ಲನ್ನೂ ಪಕ್ಕಪಕ್ಕ ಇಟ್ಟುಕೊಂಡು ಮೂರು ಪಾಲಿಸಿಗಳಿಗೆ ಕೈಯಲ್ಲೇ ಲೆಕ್ಕ ಹಾಕಿದ. ರೂಮ್ ಮಿತಿಯಿಲ್ಲದ ಮೂರನೆಯದರ ಪ್ರೀಮಿಯಂ ವರ್ಷಕ್ಕೆ ಸುಮಾರು 2,000 ರೂಪಾಯಿ ಹೆಚ್ಚಿತ್ತು. ಅದನ್ನೇ ತೆಗೆದುಕೊಂಡ.