ಚಿನ್ನ ಹುಡುಕುವ ಕಂಪನಿ ಡಿವಿಡೆಂಡ್ ಏಕೆ ಕೊಡುವುದಿಲ್ಲ?

ಚಿನ್ನದ ಬೆಲೆ ಏರಿದಾಗಲೆಲ್ಲ ಬೆಂಗಳೂರಿನ ಗೋವಿಂದರಾಜನಗರ, ಮೂಡಲಪಾಳ್ಯ, ವಿಜಯನಗರದ ಪಾರ್ಕುಗಳಲ್ಲಿ ಸಂಜೆ ವಾಕಿಂಗ್‌ಗೆ ಬರುವ ನಿವೃತ್ತರ ಮಾತು ಚಿನ್ನದ ಷೇರಿನ ಕಡೆ ಹೊರಳುತ್ತದೆ. "ನಮ್ಮ ನೆಲದಲ್ಲೇ ಚಿನ್ನ ಹುಡುಕೋ ಕಂಪನಿ ಸಾರ್, ಆದ್ರೆ ಒಂದು ಪೈಸೆ ಡಿವಿಡೆಂಡ್ ಕೊಡಲ್ಲ. ಲಾಭಾನೆಲ್ಲ ಒಳಗೇ ಇಟ್ಕೊಳ್ತಾರೆ" ಎಂಬ ದೂರು ಅಲ್ಲಿ ಸಾಮಾನ್ಯ. ಈ ದೂರಿನ ಬುಡದಲ್ಲೇ ತಪ್ಪಿದೆ. ಶೋಧದ ಹಂತದಲ್ಲಿರುವ ಸಣ್ಣ ಕಂಪನಿಯಲ್ಲಿ ಒಳಗಿಟ್ಟುಕೊಳ್ಳಲು ಲಾಭವೇ ಇರುವುದಿಲ್ಲ.

"ಚಿನ್ನ ಸಿಕ್ಕಿತು ಅಂತ ಪೇಪರ್‌ನಲ್ಲಿ ಬಂದಿತ್ತಲ್ಲ?" ಎಂದು ಕೇಳುವವರಿದ್ದಾರೆ. ಸಿಕ್ಕುವುದೆಂದರೆ ಏನೆಂದು ನೋಡಿ. ಯಂತ್ರ ನೆಲ ಕೊರೆದು ಉರುಳೆಯಾಕಾರದ ಕಲ್ಲಿನ ತುಂಡುಗಳನ್ನು ಮೇಲೆತ್ತುತ್ತದೆ. ಅವನ್ನು ತಟ್ಟೆಗಳಲ್ಲಿ ಸಾಲಾಗಿ ಜೋಡಿಸಿ, ಎಷ್ಟು ಆಳದ್ದೆಂದು ಬರೆದಿಡುತ್ತಾರೆ. ಉದ್ದಕ್ಕೆ ಸೀಳಿ, ಅರ್ಧ ಇಟ್ಟುಕೊಂಡು, ಇನ್ನರ್ಧವನ್ನು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಅಲ್ಲಿಂದ ಬರುವ ಉತ್ತರ, ಒಂದು ಟನ್ ಕಲ್ಲಿನಲ್ಲಿ ಇಷ್ಟು ಗ್ರಾಂ ಚಿನ್ನ ಎಂಬ ಅಂಕಿ ಮಾತ್ರ. ಹೀಗೆ ಅನೇಕ ಕಡೆ ಕೊರೆದ ಮೇಲೆ ನಿಕ್ಷೇಪದ ಅಂದಾಜು ಸಿಗುತ್ತದೆ. ಆಮೇಲೆ ಗಣಿ ಗುತ್ತಿಗೆ, ಪರಿಸರ ಅನುಮತಿ, ಭೂಮಿ, ಅದಿರು ಸಂಸ್ಕರಿಸುವ ಘಟಕ. ಅಲ್ಲಿಯವರೆಗೆ ಬರೀ ಖರ್ಚು. ಆ ಖರ್ಚಿಗೆ ಹಣ ಬರುವುದು ಬಹುಪಾಲು ಹೊಸ ಷೇರು ಮಾರಿ, ಅಂದರೆ ನಿಮ್ಮಂಥವರ ಜೇಬಿನಿಂದಲೇ.

ಹಾವೇರಿ ಜಿಲ್ಲೆಯ ಗಣಜೂರನ್ನು ತೆಗೆದುಕೊಳ್ಳಿ. ಮುಂಬೈ ಷೇರುಪೇಟೆಯಲ್ಲಿರುವ ಡೆಕ್ಕನ್ ಗೋಲ್ಡ್ ಮೈನ್ಸ್ ಸಮೂಹ ಅಲ್ಲಿ ಶೋಧ ನಡೆಸಿ ಚಿನ್ನದ ನಿಕ್ಷೇಪ ಗುರುತಿಸಿತು. ಆದರೆ ಗಣಿ ಗುತ್ತಿಗೆಗಾಗಿ ವರ್ಷಗಟ್ಟಲೆ ಕಾಯಬೇಕಾಯಿತು. 2015ರ ಜನವರಿಯಲ್ಲಿ ಗಣಿ ಕಾಯ್ದೆಗೆ ತಿದ್ದುಪಡಿಯಾಗಿ ಹರಾಜು ಪದ್ಧತಿ ಬಂತು. ಶೋಧ ಮಾಡಿದ್ದ ಹಳೆಯ ಪರವಾನಗಿದಾರರಿಗೆ ಆಗ ಒಂದಿಷ್ಟು ರಕ್ಷಣೆ ಉಳಿಯಿತು. 2021ರ ತಿದ್ದುಪಡಿ ಬಾಕಿ ಉಳಿದಿದ್ದ ಅಂಥ ಹಕ್ಕುಗಳನ್ನೂ ಕೊನೆಗೊಳಿಸಿ, ಶೋಧಕ್ಕೆ ಆದ ಖರ್ಚನ್ನು ಮರಳಿ ಪಡೆಯುವ ಅವಕಾಶ ಕೊಟ್ಟಿತು. ನೆಲದಡಿ ಚಿನ್ನವಿದ್ದೂ ಷೇರುದಾರನ ಖಾತೆಗೆ ಹಣ ಬರದಿರಲು ಇಂಥ ಕಾರಣಗಳೂ ಇರುತ್ತವೆ.

ಇನ್ನೊಂದು ನಂಬಿಕೆ: ಚಿನ್ನದ ಬೆಲೆ ಏರಿದರೆ ಕಂಪನಿಯ ಆಸ್ತಿ ಬೆಳೆಯುತ್ತದೆ, ಅದರಲ್ಲಿ ಪಾಲು ಕೊಡಬಹುದಲ್ಲ? ಕೊಡುವಂತಿಲ್ಲ. 2013ರ ಕಂಪನಿ ಕಾಯ್ದೆಯ 123ನೇ ಕಲಮಿನ ಪ್ರಕಾರ ಡಿವಿಡೆಂಡ್ ಹಂಚಬೇಕಾದ್ದು ಸವಕಳಿ ಕಳೆದು ಉಳಿದ ಲಾಭದಿಂದ. ಹಿಂದಿನ ವರ್ಷಗಳ ನಷ್ಟ ಬಾಕಿಯಿದ್ದರೆ ಈ ವರ್ಷದ ಲಾಭದಲ್ಲಿ ಮೊದಲು ಅದನ್ನು ತುಂಬಬೇಕು. ಆಸ್ತಿಯ ಮರುಮೌಲ್ಯಮಾಪನದಿಂದ ಕಾಗದದ ಮೇಲೆ ಕಾಣುವ ಲಾಭ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಗಣಿ ಶುರುವಾಗಿ ಮೊದಲ ಲಾಭ ಬಂದ ವರ್ಷವೂ ಡಿವಿಡೆಂಡ್ ಬರದೇ ಇರಬಹುದು. ಈ ನಿಯಮ ಬಿಗಿಯೆನಿಸಿದರೂ ನನ್ನ ಮಟ್ಟಿಗೆ ಇದು ಸಣ್ಣ ಹೂಡಿಕೆದಾರನ ಕಾವಲು. ಇದಿಲ್ಲದಿದ್ದರೆ ಹೊಸಬರಿಂದ ತಂದ ಬಂಡವಾಳವನ್ನೇ ಹಳಬರಿಗೆ ಲಾಭವೆಂದು ಹಂಚಬಹುದಿತ್ತು.

ಷೇರು ಕೊಂಡ ಮಾತ್ರಕ್ಕೆ ಡಿವಿಡೆಂಡ್ ಹಕ್ಕಾಗುವುದೂ ಇಲ್ಲ. ವರ್ಷಾಂತ್ಯದ ಡಿವಿಡೆಂಡ್‌ಗೆ ನಿರ್ದೇಶಕ ಮಂಡಳಿ ಶಿಫಾರಸು ಮಾಡಬೇಕು, ವಾರ್ಷಿಕ ಸಭೆ ಒಪ್ಪಬೇಕು. ಮಂಡಳಿ ಹೇಳಿದ್ದಕ್ಕಿಂತ ಹೆಚ್ಚು ಕೊಡಿ ಎಂದು ಸಭೆ ತೀರ್ಮಾನಿಸುವಂತಿಲ್ಲ. ಲಿಖಿತ ಡಿವಿಡೆಂಡ್ ನೀತಿ ಪ್ರಕಟಿಸಬೇಕೆಂದು ಷೇರುಪೇಟೆಯ ನಿಯಂತ್ರಕ ಸೆಬಿ ಕಡ್ಡಾಯ ಮಾಡಿರುವುದು ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಕಂಪನಿಗಳಿಗೆ ಮಾತ್ರ. ನೀತಿ ಇದ್ದರೂ ಅದು ಕೊಡುವ ಭರವಸೆಯಲ್ಲ. ಯಾವಾಗ ಕೊಡುತ್ತೇವೆ, ಯಾವಾಗ ಇಲ್ಲ ಎಂಬ ವಿವರಣೆ.

"200 ಪರ್ಸೆಂಟ್ ಡಿವಿಡೆಂಡ್" ಎಂಬ ಸುದ್ದಿಗೂ ಮರುಳಾಗಬೇಡಿ. ಆ ಶೇಕಡಾ ಲೆಕ್ಕ ಮುಖಬೆಲೆಯ ಮೇಲೆ. ಮುಖಬೆಲೆ 1 ರೂಪಾಯಿ ಇದ್ದರೆ 200 ಪರ್ಸೆಂಟ್ ಎಂದರೆ 2 ರೂಪಾಯಿ, ನೀವು ಷೇರನ್ನು 300 ರೂಪಾಯಿಗೆ ಕೊಂಡಿದ್ದರೂ ಅಷ್ಟೇ.

"ಕೆಜಿಎಫ್ ಕೊಡಲಿಲ್ಲವೇ, ಹಟ್ಟಿ ಕೊಡುತ್ತಿಲ್ಲವೇ?" ಎಂಬುದು ಕೊನೆಯ ವಾದ. ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿ ರಾಜ್ಯ ಸರ್ಕಾರದ ಕಂಪನಿ. ಅದು ಚಿನ್ನ ತೆಗೆದು ಮಾರುತ್ತದೆ, ಅದರ ಷೇರು ಪೇಟೆಯಲ್ಲಿ ಸಿಗುವುದಿಲ್ಲ. ಕೆಜಿಎಫ್, ಅಂದರೆ ಕೋಲಾರದ ಚಿನ್ನದ ಗಣಿಗಳ ಕಥೆಯಂತೂ ಈ ವಾದಕ್ಕೆ ವಿರುದ್ಧವಾಗಿಯೇ ಇದೆ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ಕೈಗೆ ಬಂದ ಅಲ್ಲಿನ ಮೈಸೂರು ಗಣಿಯಲ್ಲಿ ಮೊದಲ ವರ್ಷಗಳಲ್ಲಿ ಹಣ ಕರಗಿ, ಕೆಲಸ ಕೈಬಿಡುವ ಹಂತ ಬಂದಿತ್ತು. ಚಾಂಪಿಯನ್ ಎಂಬ ಚಿನ್ನದ ಪದರ ಸಿಕ್ಕಿ ಉತ್ಪಾದನೆ ಹೆಚ್ಚಿದ ಮೇಲಷ್ಟೇ ಲಂಡನ್ನಿನ ಷೇರುದಾರರಿಗೆ ಡಿವಿಡೆಂಡ್ ಹರಿದದ್ದು. ಅದೇ ಕಾಲದಲ್ಲಿ ಹುಟ್ಟಿ ಅದಿರು ಸಿಗದೆ ಮುಳುಗಿದ ಕಂಪನಿಗಳನ್ನು ಯಾರೂ ನೆನೆಯುವುದಿಲ್ಲ.

ಇಂಥ ಷೇರು ಕೊಳ್ಳುವ ಮೊದಲು ಕಂಪನಿಯ ವಾರ್ಷಿಕ ವರದಿ ತೆರೆಯಿರಿ. ಡಿವಿಡೆಂಡ್ ಬಗ್ಗೆ ಮಂಡಳಿಯ ವರದಿಯಲ್ಲಿ ಏನಿದೆ, ಸಂಚಿತ ನಷ್ಟ ಎಷ್ಟಿದೆ, ಕೈಯಲ್ಲಿರುವ ನಗದು ಮುಂದಿನ ವರ್ಷದ ಖರ್ಚಿಗೆ ಸಾಕೇ ಎಂದು ನೋಡಿ. ಪಿಂಚಣಿ ಸಾಲದೆ ತಿಂಗಳ ಖರ್ಚಿಗೆ ಡಿವಿಡೆಂಡ್ ನೆಚ್ಚುವವರು ದಯವಿಟ್ಟು ಇಲ್ಲಿ ಹಣ ಹಾಕಬೇಡಿ.